ಮೊಟ್ಟೆ ಇಡದ ಕೋಳಿಗಳು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ಫೋನ್ ಮಾಡಿದಾಗ, "ಸಾಫ್ಟ್‌ವೇರ್‌ನಲ್ಲಿದ್ದೀಯಲ್ಲಪ್ಪ, ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳು" ಅಂದರು. ಒಪ್ಪಿಕೊಂಡೆ. ಬರೆಯಲು ಕೂತಾಗ ಮಾತ್ರ ಕಂಪ್ಯೂಟರ್ ಬರಲಿಲ್ಲ, ಕೋಳಿ ಬಂತು. ದಯವಿಟ್ಟು ನಗಬೇಡಿ. ಈ ಸಭೆಯಲ್ಲಿ ಕೋಳಿ ಸಾಕದ ಮನೆಯವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ಕಂಡಿತಲ್ಲ, ಮೇಷ್ಟ್ರುಗಳನ್ನು ಬಿಟ್ಟರೆ ಯಾರೂ ಇಲ್ಲ.

ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ ನಮ್ಮ ಅಪ್ಪ ಮತ್ತು ಚಿಕ್ಕಪ್ಪ ಸೇರಿ ಸಾಲ ಮಾಡಿ, ಹೊಲದ ಅಂಚಿನಲ್ಲಿ ಶೆಡ್ ಹಾಕಿ, ನಾನೂರು ಮೊಟ್ಟೆಕೋಳಿ ಮರಿ ತಂದರು. ಹಿರಿಯರಿಗೆ ಆ ಶೆಡ್ ನೆನಪಿರಬಹುದು. ಮರಿಗಳಿಗೆ ಹತ್ತು ದಿನ ತುಂಬುವ ಹೊತ್ತಿಗೆ ಸೀನು ಶುರುವಾಯಿತು. ರಾತ್ರಿ ದೀಪ ಆರಿಸಿದ ಮೇಲೆ ಶೆಡ್ಡಿನೊಳಗೆ ನಿಂತರೆ ನಾನೂರು ಗಂಟಲಿಂದ ಗೊರಗೊರ ಸದ್ದು, ಹುಕ್ಕಾ ಎಳೆದ ಹಾಗೆ. ಹತ್ತಿಪ್ಪತ್ತು ಮರಿ ಸತ್ತವು. ಒಂದು ವಾರದಲ್ಲಿ ಮಿಕ್ಕವು ಹುಷಾರಾಗಿ ಕಾಳು ತಿನ್ನತೊಡಗಿದವು. ಮನೆಯಲ್ಲಿ ಎಲ್ಲರಿಗೂ ಸಮಾಧಾನ. "ಕೊಕ್ಕರೆ ರೋಗದ ಹನಿ ಹಾಕಿಸಿದ್ವಲ್ಲ, ಅದಕ್ಕೇ ಉಳಿದ್ವು" ಅಂದರು ಅಪ್ಪ.

ಮೊಟ್ಟೆಕೋಳಿ ಹದಿನೆಂಟು ಇಪ್ಪತ್ತು ವಾರಕ್ಕೆ ಮೊಟ್ಟೆ ಶುರು ಮಾಡಬೇಕು. ಆರೂವರೆ ತಿಂಗಳ ಹೊತ್ತಿಗೆ ನೂರಕ್ಕೆ ತೊಂಬತ್ತು ಕೋಳಿ ದಿನಕ್ಕೊಂದು ಮೊಟ್ಟೆ ಇಡಬೇಕು. ನಮ್ಮವು ನೋಡಲು ಲಕ್ಷಣವಾಗಿದ್ದವು. ಕೆಂಪು ಜುಟ್ಟು, ಹೊಳೆಯುವ ಪುಕ್ಕ, ಗೂಡಿಗೆ ಹೋಗಿ ಕೂತು ಏಳುವುದು ಎಲ್ಲ ಇತ್ತು, ಮೊಟ್ಟೆ ಮಾತ್ರ ಇರಲಿಲ್ಲ. ಮುನ್ನೂರೈವತ್ತರ ಲೆಕ್ಕ ಹಾಕಿಕೊಂಡಿದ್ದ ಅಪ್ಪನ ನೋಟ್‌ಬುಕ್‌ನಲ್ಲಿ ದಿನಕ್ಕೆ ಇನ್ನೂರು ದಾಟಲಿಲ್ಲ. ಕೋಳಿಯೊಂದಕ್ಕೆ ದಿನಕ್ಕೆ ನೂರು ನೂರಹತ್ತು ಗ್ರಾಂ ಆಹಾರ ಬೇಕು. ಅಂದರೆ ದಿನಕ್ಕೆ ನಲವತ್ತು ಕಿಲೋ ಮೇಲೆ. ಇಟ್ಟದ್ದೂ ತಿನ್ನುತ್ತದೆ, ಇಡದ್ದೂ ತಿನ್ನುತ್ತದೆ.

ಶೆಡ್ಡಿನಲ್ಲಿ ಮಲಗುತ್ತಿದ್ದವರು ಚಿಕ್ಕಪ್ಪ. ಬೆಳಿಗ್ಗೆ ಮೊಟ್ಟೆ ಆಯುತ್ತಿದ್ದವರೂ, ಟಿವಿಎಸ್ ಮೇಲೆ ತಾಲ್ಲೂಕಿಗೆ ಒಯ್ಯುತ್ತಿದ್ದವರೂ ಅವರೇ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಕೋಳಿ ಚೆನ್ನಾಗಿದೆ, ಮೊಟ್ಟೆ ಇಲ್ಲ ಅಂದರೆ ಮೊಟ್ಟೆ ಎಲ್ಲಿಗೋ ಹೋಗಿದೆ ಎಂದೇ ಅರ್ಥ ಎಂದು ಅಪ್ಪ ತೀರ್ಮಾನಿಸಿದರು. ಒಂದು ರಾತ್ರಿ ಬಾಯಿ ಬಿಟ್ಟು ಹೇಳಿಯೂಬಿಟ್ಟರು. ಮರುವರ್ಷ ಹೊಲ ಭಾಗವಾಯಿತು, ಅಂಗಳದ ನಡುವೆ ಗೋಡೆ ಎದ್ದಿತು. ಅಣ್ಣತಮ್ಮಂದಿರು ಹನ್ನೆರಡು ವರ್ಷ ಮಾತಾಡಲಿಲ್ಲ. ಅಪ್ಪ ಹೋದಾಗ ಚಿಕ್ಕಪ್ಪ ಬಂದು ಹೆಗಲು ಕೊಟ್ಟರು, ಆದರೆ ಆಗ ಮಾತಾಡುವವರು ಒಬ್ಬರೇ ಉಳಿದಿದ್ದರು.

ಚಿಕ್ಕಪ್ಪ ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಅವರನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ.

ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ನಾನು ಬಿಇ ಓದಲು ಬೆಂಗಳೂರಿಗೆ ಹೋದೆ. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಕೋಳಿ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಜನಕ್ಕೆ ಒಂದು ರೂಮು. ಬಾಡಿಗೆ ಕಡಿಮೆ ಯಾಕೆ ಎಂದು ಮೊದಲ ರಾತ್ರಿಯೇ ಗೊತ್ತಾಯಿತು. ನಡುರಾತ್ರಿ ದಾಟಿದ ಮೇಲೆ ಲಾರಿ ಬಂದು ಪಂಜರ ಇಳಿಸುತ್ತಿತ್ತು, ಬೆಳಗಿನ ಜಾವದವರೆಗೆ ಕೋಳಿಗಳ ಗಲಾಟೆ. ಕೆಲವು ರಾತ್ರಿ ಆ ಗಲಾಟೆಯ ಕೆಳಗೆ ಹಳೆಯ ಗೊರಗೊರ ಕೇಳಿಸುತ್ತಿತ್ತು. ರೂಮಿನ ಇಬ್ಬರೂ ನಿದ್ದೆ ಹೋಗಿರುತ್ತಿದ್ದರು, ನಾನು ಎದ್ದು ಕೂತಿರುತ್ತಿದ್ದೆ.

ಮದುವೆಯಾದ ಮೇಲೆ ಬಸವನಗುಡಿಗೆ ಬಂದೆವು. ಅಲ್ಲಿ ಮನೆ ಮಾಲೀಕರು ಕೇಳಿದ ಮೊದಲ ಪ್ರಶ್ನೆ ಸಂಬಳದ್ದಲ್ಲ, "ಮೊಟ್ಟೆ ತಿಂತೀರಾ?" ಎಂದು. ನಾನು ಸತ್ಯ ಹೇಳಿ ಎರಡು ಮನೆ ಕಳೆದುಕೊಂಡೆ. ಮೂರನೆಯವರು ಒಳ್ಳೆಯವರು, ಕೇಳಲಿಲ್ಲ.

2020ರಲ್ಲಿ ಕೋವಿಡ್ ಬಂತು. ಕೆಲಸ ಮನೆಯಿಂದಲೇ. ಸಂಜೆ ಪೊಲೀಸರು ಬಿಟ್ಟ ದಿನ ಗಾಂಧಿ ಬಜಾರಿನ ಕಡೆಯಿಂದ ಕೃಷ್ಣರಾವ್ ಪಾರ್ಕಿಗೆ ಸುತ್ತು ಹೋಗುತ್ತಿದ್ದೆ. ಅಲ್ಲಿ ಕಲ್ಲುಬೆಂಚಿನ ಆ ತುದಿಗೆ ಒಬ್ಬ ಹಿರಿಯರು ಮಾಸ್ಕ್ ಹಾಕಿಕೊಂಡು ಕೂರುತ್ತಿದ್ದರು, ಈ ತುದಿಗೆ ನಾನು. ನಿವೃತ್ತ ಪಶುವೈದ್ಯರು, ಜೀವಮಾನವೆಲ್ಲ ಪ್ರಯೋಗಾಲಯದಲ್ಲಿ ಕಳೆದವರು. ಒಂದು ದಿನ ನಾನು, "ಈ ಕೊರೊನಾ ಅನ್ನೋದು ಎಲ್ಲಿಂದ ಬಂತೋ ಡಾಕ್ಟ್ರೇ" ಅಂದೆ. ಅವರು ನಕ್ಕು, "ನಿಮಗೆ ಇದು ಹೊಸದಪ್ಪ. ನಮಗೆ, ಕೋಳಿ ನೋಡೋರಿಗೆ, ಇದರ ದಾಯಾದಿ ತೊಂಬತ್ತು ವರ್ಷದ ಪರಿಚಯ" ಅಂದರು.

ಅಲ್ಲಿಂದ ಶುರುವಾಯಿತು ನನ್ನ ಎರಡನೇ ಕಾಲೇಜು.

ಅಮೆರಿಕದ ನಾರ್ತ್ ಡಕೋಟಾದಲ್ಲಿ ಮರಿಗಳು ಬಾಯಿ ತೆರೆದು ಉಸಿರೆಳೆಯುತ್ತಿದ್ದ ಹೊಸ ರೋಗವನ್ನು 1931ರಲ್ಲಿ ಇಬ್ಬರು ಬರೆದು ಪ್ರಕಟಿಸಿದರು. 1937ರಲ್ಲಿ ಅದರ ವೈರಸ್ಸನ್ನು ಕಾವು ಕೊಟ್ಟ ಕೋಳಿಮೊಟ್ಟೆಯೊಳಗೆ ಬೆಳೆಸಿದರು. ಕೊರೊನಾ ಎಂಬ ಹೆಸರು ಈ ಬಳಗಕ್ಕೆ ಬಂದದ್ದು 1968ರಲ್ಲಿ. ಹಾಗಾಗಿ ಮನುಷ್ಯ ಕಂಡುಕೊಂಡ ಮೊಟ್ಟಮೊದಲ ಕೊರೊನಾ ವೈರಸ್ ಕೋಳಿಯದು. ರೋಗದ ಹೆಸರು ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್, ಡಾಕ್ಟರರ ಬಾಯಲ್ಲಿ ಐಬಿ. ಅದು ಮನುಷ್ಯರಿಗೆ ರೋಗ ತರುವುದಿಲ್ಲ. ಕೋಳಿಗೆ ಮಾತ್ರ ಸೀನು, ಕೆಮ್ಮು, ಗೊರಗೊರ. ದೊಡ್ಡ ಕೋಳಿಗಾದರೆ ಮೊಟ್ಟೆ ತಗ್ಗುತ್ತದೆ, ಚಿಪ್ಪು ಸುಕ್ಕಾಗುತ್ತದೆ, ಒಡೆದರೆ ಬಿಳಿಭಾಗ ನೀರುನೀರು. ಕೆಲವು ತಳಿಯ ವೈರಸ್ ಮೂತ್ರಪಿಂಡಕ್ಕೆ ಇಳಿಯುತ್ತದೆ.

"ಮರಿಗೆ ಮೊದಲ ಎರಡು ವಾರದೊಳಗೆ ತಗಲಿದರೆ ಇನ್ನೊಂದು ಕೆಲಸ ಮಾಡುತ್ತೆ" ಎಂದರು ಅವರು ಇನ್ನೊಂದು ಸಂಜೆ. "ಮೊಟ್ಟೆ ಇಳಿಯೋ ನಾಳ ಇನ್ನೂ ಎಳೆಯದು. ಅದು ಕೆಟ್ಟುಹೋಗುತ್ತೆ. ಮರಿ ಬದುಕುತ್ತೆ, ದೊಡ್ಡದಾಗುತ್ತೆ, ಜುಟ್ಟು ಕೆಂಪಾಗುತ್ತೆ. ನಾಳದಲ್ಲಿ ಮಾತ್ರ ದಾರಿ ಇರೋದಿಲ್ಲ. ಹಳದಿ ಹೊಟ್ಟೆಯೊಳಗೇ ಬಿದ್ದು ಕರಗಿಹೋಗುತ್ತೆ. ಇಂಥ ಕೋಳಿಗೆ ಸುಳ್ಳು ಮೊಟ್ಟೆಕೋಳಿ ಅಂತೀವಿ."

ನಾನು ಬೆಂಚಿನಿಂದ ಎದ್ದು ನಿಂತೆ. ಅವರಿಗೆ ಏನೂ ಅರ್ಥವಾಗಲಿಲ್ಲ. "ಯಾಕಪ್ಪ, ಸೊಳ್ಳೆ ಕಡೀತಾ?" ಅಂದರು.

ಮಾರನೇ ದಿನ ಎಲ್ಲ ಹೇಳಿದೆ. ಅವರು ತಕ್ಷಣ ಹೌದು ಎನ್ನಲಿಲ್ಲ. ಮೊಟ್ಟೆ ಕಡಿಮೆಯಾಗಲು ಹತ್ತು ಕಾರಣ ಇರುತ್ತವೆ ಎಂದರು. ಆಹಾರ ಸರಿಯಿಲ್ಲದಿರಬಹುದು, ಬೆಳಕಿನ ಗಂಟೆ ಕಡಿಮೆಯಾಗಿರಬಹುದು, ಬೇರೆ ವೈರಸ್ ಇರಬಹುದು. "ಆಗ ಒಂದು ಕೋಳಿ ಕುಯ್ದು ನೋಡಿದ್ರಾ?" ಎಂದು ಕೇಳಿದರು. ಪರೀಕ್ಷೆಗೆಂದು ಯಾರೂ ಕುಯ್ದಿರಲಿಲ್ಲ. ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಶೆಡ್ಡಿನ ಕೋಳಿ ಸಾರಿಗೆ ಕುಯ್ದಾಗ ಹೊಟ್ಟೆಯಲ್ಲಿ ಏನಾದರೂ ನೋಡಿದ್ದೆಯಾ ಎಂದೆ. ಅಮ್ಮ ಯೋಚಿಸಲೂ ಇಲ್ಲ. "ನೀರಿನ ಚೀಲ ಇರ್ತಿತ್ತು ಕಣೋ. ಬಲೂನಿನ ಹಾಗೆ, ನಿಂಬೆಹಣ್ಣಿಗಿಂತ ದೊಡ್ಡದು. ಎಷ್ಟೋ ಕೋಳೀಲಿ ಇತ್ತು. ಒಡೆದು ಬಿಸಾಕ್ತಿದ್ದೆ. ಯಾಕೆ?"

ಹದಿನೇಳು ವರ್ಷ ಆ ಮಾತು ಅಡುಗೆಮನೆಯಲ್ಲಿ ಇತ್ತು. ಪಂಚಾಯಿತಿ ಆಯಿತು, ಪಾಲುಪಟ್ಟಿ ಆಯಿತು, ಅಮ್ಮನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಡಾಕ್ಟರರು ಇದನ್ನು ಕೇಳಿ, ಅಂಥ ಚೀಲ ಸಣ್ಣದಾಗಿ ಆರೋಗ್ಯವಂತ ಕೋಳಿಯಲ್ಲೂ ಕಾಣುವುದುಂಟು, ಆದರೆ ಅಷ್ಟು ದೊಡ್ಡದು ಅಷ್ಟು ಕೋಳಿಗಳಲ್ಲಿ ಇದ್ದರೆ ತಮ್ಮ ಅನುಮಾನ ಐಬಿ ಮೇಲೆಯೇ ಎಂದರು. "ಅನುಮಾನ ಅಷ್ಟೇ. ಆ ಹತ್ತನೇ ದಿನದ ಮರಿಯ ಗಂಟಲ ದ್ರವ ಒಂದು ಕಡ್ಡಿಯಲ್ಲಿ ಬಂದಿದ್ದರೆ ನಾವು ಹೆಸರನ್ನೇ ಹೇಳ್ತಿದ್ವಿ."

ಹೆಸರು ಹೇಗೆ ಹೇಳುತ್ತಾರೆ ಎಂಬುದೇ ನನ್ನನ್ನು ಹಿಡಿದುಕೊಂಡ ವಿಷಯ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬಿಸಿಲು ಏರುವ ಮೊದಲು ಮುಗಿಸುತ್ತೇನೆ.

ನಮಗೆ ಗೊರಗೊರ ಎಂಬುದು ಒಂದೇ ಸದ್ದು. ಅದರ ಹಿಂದೆ ಬೇರೆ ಬೇರೆ ರೋಗ ಇರಬಹುದು. ಮೊದಲನೆಯದು ನಮ್ಮ ಕೊಕ್ಕರೆ ರೋಗ. ಬೇಸಿಗೆಯಲ್ಲಿ ಬಂದು ಊರಿನ ಕೋಳಿಯನ್ನೆಲ್ಲ ಗುಡಿಸಿಕೊಂಡು ಹೋಗುವುದು ಇದೇ. ಹಸಿರು ಭೇದಿ, ಕತ್ತು ತಿರುಚುವುದು, ಬಾಯಿ ತೆರೆದು ಉಸಿರಾಟ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಮತ್ತು ಜಾವಾದಲ್ಲಿ ಕಾಣಿಸಿತು, ಆಮೇಲೆ ಒಂದೆರಡು ವರ್ಷದಲ್ಲೇ ನಮ್ಮ ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ. ಅದಕ್ಕೇ ಪುಸ್ತಕದಲ್ಲಿ ರಾಣಿಖೇತ್ ರೋಗ. ಎರಡನೆಯದು ಐಬಿ. ಮೂರನೆಯದು ಹಕ್ಕಿ ಜ್ವರ. ಇವಲ್ಲದೆ ವೈರಸ್ ಅಲ್ಲದ ರೋಗಾಣುಗಳೂ ಇದೇ ಸದ್ದು ತರುತ್ತವೆ. ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ನಮ್ಮ ವಿಜ್ಞಾನದ ಮೇಷ್ಟ್ರು ಬೀರುವಿನಿಂದ ತೆಗೆದು ಈರುಳ್ಳಿ ಸಿಪ್ಪೆ ತೋರಿಸುತ್ತಿದ್ದ ಸೂಕ್ಷ್ಮದರ್ಶಕಕ್ಕೂ ತಿಳಿಯುವುದಿಲ್ಲ, ಏಕೆಂದರೆ ಈ ವೈರಸ್‌ಗಳು ಆ ಬೆಳಕಿನಲ್ಲಿ ಕಾಣುವುದಕ್ಕಿಂತ ಸಣ್ಣವು.

ಹಾಗಾದರೆ ಏನು ಮಾಡುತ್ತಾರೆ? ಹಳೆಯ ದಾರಿ ಮೊಟ್ಟೆಯದು. ಒಂಬತ್ತರಿಂದ ಹನ್ನೊಂದು ದಿನ ಕಾವು ಕೊಟ್ಟ ಮೊಟ್ಟೆಯ ಚಿಪ್ಪಿಗೆ ಸಣ್ಣ ತೂತು ಕೊರೆದು, ಕಾಯಿಲೆ ಕೋಳಿಯ ಗಂಟಲಿನ ದ್ರವವನ್ನು ಶುದ್ಧ ಮಾಡಿ ಒಳಗೆ ಬಿಡುತ್ತಾರೆ, ಮೇಣ ಮುಚ್ಚುತ್ತಾರೆ. ವೈರಸ್ ಇದ್ದರೆ ಒಳಗಿನ ನೀರಿನಲ್ಲಿ ಬೆಳೆಯುತ್ತದೆ. ಆ ನೀರು ತೆಗೆದು ಕೋಳಿಯ ಕೆಂಪು ರಕ್ತಕಣಗಳ ಜೊತೆ ಬೆರೆಸಿದಾಗ, ಕಣಗಳು ಕೆಳಗಿಳಿದು ಗುಂಡಿಯಂತೆ ಕೂಡದೆ ಬಲೆಯಂತೆ ಹರಡಿ ಅಂಟಿಕೊಂಡರೆ ಕೊಕ್ಕರೆ ರೋಗ ಅಥವಾ ಹಕ್ಕಿ ಜ್ವರದ ಬಳಗ ಇರಬಹುದು. ಯಾವುದು ಎಂದು ತಿಳಿಯಲು ಒಂದೊಂದು ರೋಗದ ಸೀರಂ ಹಾಕಿ ನೋಡುತ್ತಾರೆ. ಯಾವ ಸೀರಂ ಅಂಟುವಿಕೆಯನ್ನು ತಡೆಯಿತೋ ಅದೇ ವೈರಸ್. ಐಬಿ ವೈರಸ್ ಹಾಗೇ ಹಾಕಿದರೆ ರಕ್ತಕಣ ಅಂಟಿಸುವುದಿಲ್ಲ. ಅದರ ಗುರುತು ಬೇರೆ: ಮೊಟ್ಟೆಯಿಂದ ಮೊಟ್ಟೆಗೆ ನಾಲ್ಕಾರು ಸಲ ದಾಟಿಸಿದ ಮೇಲೆ ಒಳಗಿನ ಭ್ರೂಣ ಬೆಳೆಯದೆ ಕುಗ್ಗಿ ಚೆಂಡಿನಂತೆ ಸುರುಟಿಕೊಳ್ಳುತ್ತದೆ. ಇದಕ್ಕೆಲ್ಲ ವಾರಗಳೇ ಬೇಕು. ಅಷ್ಟರಲ್ಲಿ ಶೆಡ್ಡಿನ ಕಥೆ ಮುಗಿದಿರುತ್ತದೆ.

ಹೊಸ ದಾರಿ ಪಿಸಿಆರ್. ಕೋವಿಡ್ ಕಾಲದಲ್ಲಿ ನಿಮಗೆಲ್ಲ ಮೂಗಿಗೆ ಕಡ್ಡಿ ಹಾಕಿದರಲ್ಲ, ಅದೇ. ವೈರಸ್ಸಿನ ಆರ್‌ಎನ್‌ಎ ತೆಗೆದು, ಡಿಎನ್‌ಎ ಪ್ರತಿ ಮಾಡಿ, ಬೇಕಾದ ತುಣುಕನ್ನು ಎರಡು ಪಟ್ಟು, ಮತ್ತೆ ಎರಡು ಪಟ್ಟು ಮಾಡುತ್ತ ಹೋಗುತ್ತಾರೆ. ಮೂವತ್ತು ಸಲ ದ್ವಿಗುಣವಾದರೆ ಒಂದು ಪ್ರತಿ ನೂರಾ ಏಳು ಕೋಟಿ ದಾಟುತ್ತದೆ. ಗಣಿತದ ಮೇಡಂ ಇಲ್ಲಿದ್ದಾರೆ, ಎರಡರ ಮೂವತ್ತನೇ ಘಾತ ಬೇಕಾದರೆ ಗುಣಿಸಿ ನೋಡಬಹುದು. ಒಂದೇ ದಿನದಲ್ಲಿ ಇದೆ ಅಥವಾ ಇಲ್ಲ ಎಂದು ತಿಳಿಯುತ್ತದೆ.

ಆದರೆ ನಿಜವಾದ ತೊಡಕು ಶುರುವಾಗುವುದು ಇದೆ ಎಂದಾದ ಮೇಲೆ. ನಮ್ಮ ತರಗತಿಯಲ್ಲಿ ನಾಲ್ಕು ಜನ ಮಂಜುನಾಥ ಇದ್ದರು, ನೆನಪಿದೆಯಾ? ಕಿಟಕಿ ಗಾಜು ಒಡೆದದ್ದು ಮಂಜುನಾಥ ಎಂದು ಯಾರೋ ಹೇಳಿದರು, ಹೆಡ್‌ಮಾಸ್ಟರು ನಾಲ್ವರಿಗೂ ಬಾರಿಸಿದರು. ಅವರಲ್ಲಿ ಒಬ್ಬ ಆ ದಿನ ರಜೆ ಬೇರೆ. ಐಬಿ ವೈರಸ್ಸಿನದೂ ಹಾಗೇ. ಐಬಿ ಎಂದರೆ ಒಬ್ಬನಲ್ಲ. 1941ರಲ್ಲಿ ಸಿಕ್ಕ ಮ್ಯಾಸಚೂಸೆಟ್ಸ್ ಎಂಬ ತಳಿ ಇದೆ, ಲೋಕದಲ್ಲೆಲ್ಲ ಹೆಚ್ಚು ಬಳಸುವ ಲಸಿಕೆ ಅದರದು. ಆಮೇಲೆ ಕನೆಕ್ಟಿಕಟ್ ಎಂಬುದು ಬೇರೆ ತಳಿ ಎಂದು ತಿಳಿಯಿತು, ಒಂದರ ಲಸಿಕೆ ಇನ್ನೊಂದನ್ನು ಸರಿಯಾಗಿ ತಡೆಯಲಿಲ್ಲ. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ 793ಬಿ, ಚೀನಾದಲ್ಲಿ ಕ್ಯೂಎಕ್ಸ್. 2016ರಲ್ಲಿ ವಿಜ್ಞಾನಿಗಳ ಒಂದು ತಂಡ ಲೋಕದ ಐಬಿ ವೈರಸ್‌ಗಳನ್ನೆಲ್ಲ ಆರು ಗುಂಪು, ಮೂವತ್ತೆರಡು ಕವಲು ಎಂದು ವಿಂಗಡಿಸಿತು. ಅದರಲ್ಲಿ ಜಿಐ-24 ಎಂಬ ಕವಲು ಭಾರತದ್ದು.

ಇಲ್ಲಿ ನನ್ನ ಕಸುಬು ಬರುತ್ತದೆ. ಐಬಿ ವೈರಸ್ಸಿನ ಬರವಣಿಗೆ ಸುಮಾರು 27,600 ಅಕ್ಷರ, ನಾಲ್ಕೇ ಬಗೆಯ ಅಕ್ಷರ. ಅದರಲ್ಲಿ ಹೊರಗಿನ ಮುಳ್ಳಿನ ತುದಿಯನ್ನು ಹೇಳುವ ಎಸ್1 ಎಂಬ ಭಾಗ ಸುಮಾರು 1,600 ಅಕ್ಷರ. ತಳಿ ಯಾವುದು ಎಂದು ಗುರುತಿಸುವುದು ಈ ಭಾಗ ಓದಿ. ಕೋಳಿಯ ಮೈ ಗುರುತು ಹಿಡಿಯುವುದೂ ಇದನ್ನೇ. ಹಾಗಾಗಿ ಇದು ಬದಲಾದರೆ ಲಸಿಕೆ ಕಲಿಸಿದ ಪಾಠ ವ್ಯರ್ಥವಾಗಬಹುದು. ಓದಿದ ಅಕ್ಷರಸಾಲನ್ನು ಲೋಕದ ಪ್ರಯೋಗಾಲಯಗಳು ಸಾರ್ವಜನಿಕವಾಗಿ ಇಟ್ಟಿರುವ ಸಾವಿರಾರು ಸಾಲುಗಳ ಪಕ್ಕ ಇಟ್ಟು ಹೋಲಿಸಬೇಕು. ಒಂದು ಅಕ್ಷರ ಬಿಟ್ಟುಹೋಗಿದ್ದರೆ ಮುಂದಿನದೆಲ್ಲ ಪಕ್ಕಕ್ಕೆ ಸರಿಯುತ್ತದೆ, ಅಲ್ಲಿ ಖಾಲಿ ಜಾಗ ಬಿಟ್ಟು ಜೋಡಿಸಬೇಕು. ಇದು ಕಂಪ್ಯೂಟರಿನ ಕೆಲಸ. ಸಮಿತಿಯವರೇ, ನೋಡಿ, ಕಂಪ್ಯೂಟರ್ ಬಗ್ಗೆ ಹೇಳಿದೆ. ನಾನು ಕೆಲಸ ಮಾಡುವ ಕಂಪನಿ ಬರೆಯುವುದು ಪ್ರಯೋಗಾಲಯಗಳಲ್ಲಿ ಸ್ಯಾಂಪಲ್ ಲೆಕ್ಕ ಇಡುವ ಸಾಫ್ಟ್‌ವೇರ್. ಅದು ಬೇರೆಯದೇ ಕೆಲಸ. ಹೋಲಿಕೆಯನ್ನು ನಾನು ರಾತ್ರಿ ಹೊತ್ತು, ಪಾರ್ಕಿನ ಗುರುಗಳ ಒತ್ತಾಯಕ್ಕೆ ಕಲಿತೆ.

ಇನ್ನೊಂದು ತಮಾಷೆ. ಐಬಿ ಲಸಿಕೆ ಎಂದರೆ ಸಾಮಾನ್ಯವಾಗಿ ಬದುಕಿರುವ, ಬಲ ತಗ್ಗಿಸಿದ ವೈರಸ್ಸೇ. ಲಸಿಕೆ ಹಾಕಿದ ಕೋಳಿಯ ಗಂಟಲಿನಲ್ಲಿ ಪಿಸಿಆರ್ ಮಾಡಿದರೆ ಐಬಿ ಇದೆ ಎಂದೇ ಬರುತ್ತದೆ! ಅದು ರೋಗವೋ ಲಸಿಕೆಯೋ? ಎಸ್1 ಓದಿದರೆ ಮಾತ್ರ ತಿಳಿಯುತ್ತದೆ. ಕೊಕ್ಕರೆ ರೋಗದಲ್ಲಿ ಇದು ಇನ್ನೂ ಸೂಕ್ಷ್ಮ. ಆ ವೈರಸ್ಸಿನ ಒಂದು ಪ್ರೋಟೀನಿನಲ್ಲಿ ಆರು ಅಕ್ಷರದ ಒಂದು ಜಾಗ ಇದೆ. ಅಲ್ಲಿ ಜಿ-ಆರ್-ಕ್ಯೂ-ಜಿ-ಆರ್-ಎಲ್ ಇದ್ದರೆ ಸಾಧು ವೈರಸ್, ಮರಿಗಳ ಕಣ್ಣಿಗೆ ಹನಿ ಹಾಕುವ ಲಸೋಟ ಲಸಿಕೆ ಅಂಥದ್ದು. ಆರ್-ಆರ್-ಕ್ಯೂ-ಕೆ-ಆರ್-ಎಫ್ ಇದ್ದರೆ ಮೈಯೆಲ್ಲ ಹರಡಬಲ್ಲದ್ದು. ಬರೀ ಮೂರು ಅಕ್ಷರದ ವ್ಯತ್ಯಾಸ. ಹಾಗಾದರೆ ಆ ಆರು ಅಕ್ಷರ ಓದಿದರೆ ಸಾಕಲ್ಲ ಎಂದು ನಾನು ಜಂಬದಿಂದ ಹೇಳಿದೆ. ಡಾಕ್ಟರರು, "ಎರಡು ತಿಂಗಳ ಕೋಳಿಗೆ ರೆಕ್ಕೆಗೆ ಚುಚ್ಚುತ್ತೀವಲ್ಲ ಆರ್2ಬಿ, ಅದರಲ್ಲಿ ಏನು ಬರೆದಿದೆ ಹುಡುಕಿ ನೋಡು" ಅಂದರು. ಹುಡುಕಿದೆ. ಅದು ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಒರಟು ವೈರಸ್ಸನ್ನೇ ಮೊಟ್ಟೆಗಳಲ್ಲಿ ದಾಟಿಸಿ ದಾಟಿಸಿ ಪಳಗಿಸಿದ ಲಸಿಕೆ, ಅದರ ಆರು ಅಕ್ಷರ ಒರಟಿನದೇ. ನನ್ನ ಪ್ರೋಗ್ರಾಮ್ ಲಸಿಕೆ ಹಾಕಿಸಿದ ಒಳ್ಳೆಯ ಕೋಳಿಯನ್ನು ರೋಗಿ ಎಂದು ಬರೆಯುತ್ತಿತ್ತು. ಪ್ರಯೋಗಾಲಯದವರು ಯಾವ ಲಸಿಕೆ, ಯಾವ ದಿನ ಹಾಕಿಸಿದಿರಿ ಎಂದು ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ಅವರು ಕಾಲ ಕಳೆಯಲು ಕೇಳುವುದಿಲ್ಲ.

ಬಸವನಗುಡಿ ಬಗ್ಗೆ ಒಂದು ಮಾತು ಇಲ್ಲಿ ಹೇಳಬೇಕು. ಚಾಮರಾಜಪೇಟೆ 1892ರಲ್ಲೇ ಶುರುವಾದ ಬಡಾವಣೆ. ಆದರೆ ಬಸವನಗುಡಿ, ಮಲ್ಲೇಶ್ವರ ಎರಡೂ ಬೆಳೆದದ್ದು 1898ರ ಪ್ಲೇಗಿನ ದೆಸೆಯಿಂದ. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ತರಲು ಅಗಲ ರಸ್ತೆ, ಗಾಳಿ ಬೆಳಕಿನ ನಿವೇಶನ ಮಾಡಿದರು. ಆ ಪ್ಲೇಗಿಗೆ ಕಾರಣ ಯಾವುದು ಎಂದು ಹಾಂಗ್‌ಕಾಂಗಿನಲ್ಲಿ ಗುರುತಿಸಿ ಆಗ ನಾಲ್ಕೇ ವರ್ಷವಾಗಿತ್ತು, ಮುಂಬಯಿಯಲ್ಲಿ ಹಾಫ್ಕಿನ್ ಲಸಿಕೆ ಮಾಡಿ ಒಂದು ವರ್ಷ. ರೋಗಾಣುವಿನ ಹೆಸರು ತಿಳಿದಿತ್ತು, ಆದರೂ ಪೇಟೆಯಲ್ಲಿ ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ನಾನು ಅದನ್ನು ಹಗುರವಾಗಿ ಹೇಳುತ್ತಿಲ್ಲ. ನಮ್ಮ ಶೆಡ್ಡಿಗೂ ಅಜ್ಜಿ ನಿಂಬೆಹಣ್ಣು ಕಟ್ಟಿದ್ದರು. ಗೊತ್ತಿಲ್ಲದಾಗ ಮನುಷ್ಯ ಏನಾದರೂ ಒಂದನ್ನು ಹಿಡಿದುಕೊಳ್ಳುತ್ತಾನೆ. ಅಜ್ಜಿ ನಿಂಬೆಹಣ್ಣು ಹಿಡಿದರು, ಅಪ್ಪ ತಮ್ಮನನ್ನು ಹಿಡಿದರು. ನಿಂಬೆಹಣ್ಣಿನಿಂದ ಯಾರಿಗೂ ನಷ್ಟವಾಗಲಿಲ್ಲ.

ಈಗ ಊರಿನವರಿಗೆ ಬೇಕಾದ ಮಾತು. ಬೆಂಗಳೂರಿನ ಹೆಬ್ಬಾಳದಲ್ಲಿ, ಪಶುವೈದ್ಯಕೀಯ ಕಾಲೇಜಿನ ಬಳಿ, ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ದನಗಳ ದೊಡ್ಡ ರೋಗಕ್ಕೆ ಸೀರಂ ಮಾಡಲು ಹುಟ್ಟಿದ ಸಂಸ್ಥೆಯ ಮುಂದುವರಿಕೆ ಅದು. ಕೊಕ್ಕರೆ ರೋಗದ ಲಸಿಕೆ ಅಲ್ಲಿ ತಯಾರಾಗುತ್ತದೆ. ದಕ್ಷಿಣ ರಾಜ್ಯಗಳಿಗೆ ರೋಗ ಪತ್ತೆ ಮಾಡುವ ಪ್ರಾದೇಶಿಕ ಪ್ರಯೋಗಾಲಯವೂ ಅಲ್ಲೇ ಇದೆ. ನೀವು ನೇರ ಅಲ್ಲಿಗೇ ಓಡಬೇಕಾಗಿಲ್ಲ. ಹೋಬಳಿಯ ಪಶು ಆಸ್ಪತ್ರೆಗೆ ಹೇಳಿದರೆ ಸ್ಯಾಂಪಲ್ ದಾರಿ ಹಿಡಿಯುತ್ತದೆ. ಹಕ್ಕಿ ಜ್ವರದ ಅನುಮಾನ ಬಂದರೆ ಮಾತ್ರ ಕೊನೆಯ ಮಾತು ಭೋಪಾಲದ ಹೆಚ್ಚಿನ ಭದ್ರತೆಯ ರಾಷ್ಟ್ರೀಯ ಪ್ರಯೋಗಾಲಯದ್ದು.

ಹಕ್ಕಿ ಜ್ವರ ದೂರದ ಮಾತು ಎಂದುಕೊಳ್ಳಬೇಡಿ. ದೇಶದಲ್ಲಿ ಮೊದಲು ಕಂಡದ್ದು 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರದಲ್ಲೇ ಟರ್ಕಿ ಕೋಳಿಗಳು ಸತ್ತವು. ಭೋಪಾಲದಿಂದ ಎಚ್5ಎನ್1 ಎಂದು ಉತ್ತರ ಬಂತು, ಇದ್ದ ಹಕ್ಕಿಯನ್ನೆಲ್ಲ ಕೊಲ್ಲಬೇಕಾಯಿತು. ಪಕ್ಷಿ ಸಾಕಣೆ ಹೇಳಿಕೊಡುವ ಜಾಗಕ್ಕೇ ಬಂತು ಎಂದರೆ ನಮ್ಮ ಹಿತ್ತಲು ಯಾವ ಲೆಕ್ಕ? 2025ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಹಿತ್ತಲ ಕೋಳಿಗಳಲ್ಲೇ ಬಂತು. ಇದು ಮನುಷ್ಯರಿಗೂ ತಗಲಬಲ್ಲ ರೋಗ, ಆದ್ದರಿಂದ ಒಂದು ಕಿಲೋಮೀಟರ್ ಸುತ್ತಿನ ಕೋಳಿಗಳನ್ನು ಕೊಲ್ಲುವ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡುವ ನಿಯಮ ಇದೆ. ಹಾಗೆ ಕೊಂದದ್ದಕ್ಕೆ ಸರ್ಕಾರ ಪರಿಹಾರ ಕೊಡುತ್ತದೆ. ತಾನಾಗಿ ಸತ್ತದ್ದಕ್ಕೆ ಅಲ್ಲ. ಅಂದರೆ ತಡ ಮಾಡಿ ಮುಚ್ಚಿಟ್ಟವರಿಗೇ ನಷ್ಟ. ನಮ್ಮ ಕಡೆ ನಡೆಯುವುದು ಏನು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ನಾಲ್ಕು ಕೋಳಿ ಸತ್ತರೆ ಉಳಿದವನ್ನು ಸಂಜೆಯೊಳಗೆ ಸಂತೆಗೆ ಸಾಗಿಸುತ್ತೇವೆ. ಚಾಮರಾಜಪೇಟೆಯಲ್ಲಿ ನಾನು ರಾತ್ರಿ ಕೇಳುತ್ತಿದ್ದ ಗೊರಗೊರ ಯಾವುದೋ ಊರಿನ ಅಂಥ ಸಂಜೆಯಿಂದ ಬಂದದ್ದೇ ಇರಬೇಕು.

ಸ್ಯಾಂಪಲ್ ಎಂದಾಕ್ಷಣ ಜನ ನಿನ್ನೆ ಸತ್ತ, ಉಬ್ಬಿದ ಕೋಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಸ್ಸಿನ ಸೀಟಿನ ಕೆಳಗಿಟ್ಟು ತರುತ್ತಾರಂತೆ. ಡಾಕ್ಟರರು ಇದನ್ನು ನೆನೆದು ಇಂದಿಗೂ ಮೂಗು ಮುಚ್ಚಿಕೊಳ್ಳುತ್ತಾರೆ. ಅದರಲ್ಲಿ ವೈರಸ್ ಕೊಳೆತು ಹೋಗಿರುತ್ತದೆ. ಬೇಕಾದದ್ದು ಈಗ ತಾನೇ ಸೀನು ಶುರುವಾದ ಬದುಕಿರುವ ಕೋಳಿಯ ಗಂಟಲು ಒರೆಸಿದ ಕಡ್ಡಿ, ಅದಕ್ಕೆಂದೇ ಇರುವ ದ್ರವದಲ್ಲಿ ಅದ್ದಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬೇಗ ತಲುಪಿಸಬೇಕು. ಅದನ್ನು ಪಶುವೈದ್ಯರು ಬಂದು ತೆಗೆಯಲಿ, ಹಕ್ಕಿ ಜ್ವರ ಇದ್ದರೆ ಎಂಬ ಭಯಕ್ಕಾಗಿ ನಾವು ಕೈ ಹಾಕುವುದು ಬೇಡ. ಸತ್ತದ್ದನ್ನು ಕೆರೆ ಏರಿಯ ಮೇಲೆ ಎಸೆಯುವುದಂತೂ ಬೇಡವೇ ಬೇಡ.

ಪ್ರಯೋಗಾಲಯ ಎಂದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಉತ್ತರ ತಡವಾಗಿ ಬರುವುದಿದೆ, ಬರದೇ ಇರುವುದೂ ಇದೆ. ತಳಿಯ ಹೆಸರು ಗೊತ್ತಾದರೂ ಅದಕ್ಕೆ ಹೊಂದುವ ಲಸಿಕೆ ಅಂಗಡಿಯಲ್ಲಿ ಇರಬೇಕಲ್ಲ. ವೈರಸ್ಸಿಗೆ ಔಷಧ ಇಲ್ಲ. ನಮ್ಮ ನಾನೂರು ಕೋಳಿಗೆ ಹತ್ತನೇ ದಿನ ಪರೀಕ್ಷೆ ಮಾಡಿಸಿದ್ದರೂ ಅವು ಮೊಟ್ಟೆ ಇಡುತ್ತಿರಲಿಲ್ಲ. ನಷ್ಟ ಅಷ್ಟೇ ಆಗುತ್ತಿತ್ತು. ಆ ನಷ್ಟಕ್ಕೆ ಒಂದು ಹೆಸರು ಇರುತ್ತಿತ್ತು, ಆ ಹೆಸರು ಚಿಕ್ಕಪ್ಪನದಾಗಿರುತ್ತಿರಲಿಲ್ಲ.

ಕಳೆದ ವರ್ಷ ಅವರೆಕಾಯಿ ಕಾಲದಲ್ಲಿ ಊರಿಗೆ ಬಂದಿದ್ದೆ. ಚಿಕ್ಕಪ್ಪ ಜಗುಲಿಯಲ್ಲಿ ಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಬಿಡಿಸುತ್ತ ಎಲ್ಲ ಹೇಳಿದೆ, ಸುಳ್ಳು ಮೊಟ್ಟೆಕೋಳಿ, ನೀರಿನ ಚೀಲ, ಎಲ್ಲ. ಖಾತ್ರಿ ಇಲ್ಲ, ಅನುಮಾನ ಎಂದೂ ಹೇಳಿದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಮೊರ ತುಂಬಿದ ಮೇಲೆ, "ನಿಮ್ಮಪ್ಪನಿಗೆ ಇದು ಗೊತ್ತಾಗಬೇಕಿತ್ತು ಕಣೋ" ಅಂದರು. ಆಮೇಲೆ ಒಳಗೆ ಹೋಗಿ ಒಂದು ಹಳೆಯ ನೋಟ್‌ಬುಕ್ ತಂದರು. ಅಪ್ಪನ ಲೆಕ್ಕದ ಪುಸ್ತಕದ ಹಾಗೆಯೇ ಅವರದೂ ಒಂದು. ದಿನಾಂಕ, ಆಯ್ದ ಮೊಟ್ಟೆ, ಒಡೆದದ್ದು, ಮಾರಿದ್ದು. ನನ್ನ ಬಳಿ ಇರುವ ಅಪ್ಪನ ಪುಸ್ತಕದ ಜೊತೆ ಇಟ್ಟು ನೋಡಿದೆ. ಅಕ್ಷರಸಾಲು ಹೋಲಿಸುವುದು ಈಗ ನನಗೆ ಅಭ್ಯಾಸ. ಒಂದು ದಿನವೂ ತಪ್ಪಿರಲಿಲ್ಲ.

ಚಿಕ್ಕಪ್ಪ ಈಗ ಇಪ್ಪತ್ತು ನಾಟಿ ಕೋಳಿ ಸಾಕಿದ್ದಾರೆ. ಹೋದ ತಿಂಗಳು ಎರಡು ಸೀನಿದವಂತೆ, ರಾತ್ರಿ ಹನ್ನೊಂದಕ್ಕೆ ನನಗೆ ಫೋನು. ಹೋಬಳಿಯ ಡಾಕ್ಟರರು ಬೆಳಿಗ್ಗೆ ಬಂದು ಕಡ್ಡಿ ತೆಗೆದುಕೊಂಡು ಹೋದರು. ಉತ್ತರ ಇನ್ನೂ ಬಂದಿಲ್ಲ, ಕೋಳಿಗಳು ಆರಾಮಾಗಿವೆ. ಊಟಕ್ಕೆ ಸಮಯವಾಯಿತು ಎಂದು ಮೇಷ್ಟ್ರು ಗಡಿಯಾರ ತೋರಿಸುತ್ತಿದ್ದಾರೆ. ಅಮ್ಮ ಮುಂದಿನ ಸಾಲಿನಲ್ಲಿದ್ದಾರೆ, ಕೋಳಿಯ ಒಳಗೆ ಏನಿರುತ್ತದೆ ಎಂದು ಕೇಳಬೇಕಾದವರು ಅವರನ್ನು ಕೇಳಬಹುದು.